ಹಿಮ್ಮುಖವಾಗಿ ಹರಿಸಿದ ಯಕೃತ್ತು

ಔಷಧಿ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಗಾಜಿನ ನಳಿಕೆಯಲ್ಲಿ ನೀರಿನ ಮಟ್ಟ ಏರತೊಡಗಿತು. ಆ ನಳಿಕೆಯ ಬುಡ ಇಲಿಯ ಯಕೃತ್ತಿಗೆ ದ್ರವ ಸಾಗಿಸುವ ಕೊಳವೆಗೆ ಸೇರಿಕೊಂಡಿತ್ತು. ಪಂಪು ಒಂದೇ ವೇಗದಲ್ಲಿ ನಡೆಯುತ್ತಿರುವಾಗ ಯಕೃತ್ತಿನೊಳಗಿನ ದಾರಿ ಕಿರಿದಾದರೆ ಒತ್ತಡ ಹೆಚ್ಚಿ ನಳಿಕೆಯ ಮಟ್ಟ ಮೇಲೇರುತ್ತದೆ. ಅಷ್ಟು ಸರಳವಾದ ಏರ್ಪಾಡು. ಮಟ್ಟ ಏರಬಾರದೆಂದು ನಾನು ಬಯಸಿದ್ದೆ. ನನಗಿಂತ ಹೆಚ್ಚಾಗಿ ಬಯಸಿದ್ದವರು ನನ್ನ ಹಿಂದೆ ನಿಂತಿದ್ದರು.

ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಹೊಸ ಔಷಧಿಗಳು ಅಂಗಗಳ ಮೇಲೆ ಏನು ಮಾಡುತ್ತವೆ ಎಂದು ಅಳೆಯುವ ಕೆಲಸ ಮಾಡುತ್ತೇನೆ. ಹಿಂದೆ ನಿಂತಿದ್ದವರು ಆ ಔಷಧಿಯನ್ನು ತಯಾರಿಸಿದ ರಸಾಯನಶಾಸ್ತ್ರಜ್ಞರು. ಅವರದು ಉಡುಪಿ ಕಡೆಯ ಮನೆತನ. ತಂದೆ ಇಲ್ಲಿನ ಖಡಕಿ ಬಡಾವಣೆಯಲ್ಲಿ ಹೋಟೆಲ್ ನಡೆಸಿದವರು. ಇವರು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ. ಕನ್ನಡವನ್ನು ತಂದೆಯ ಹೋಟೆಲಿನ ಅಡುಗೆಮನೆಯಲ್ಲಿ ಕಲಿತಿದ್ದರು. ನಾನು ವಿಜಯಪುರದವಳು. ಇಬ್ಬರೂ ಮಾತಿಗೆ ಕೂತರೆ ಪಕ್ಕದ ಮರಾಠಿ ಸಹೋದ್ಯೋಗಿಗಳು ಇವರಿಬ್ಬರ ಭಾಷೆ ಒಂದೇ ಹೌದೋ ಅಲ್ಲವೋ ಎಂದು ನಗುತ್ತಿದ್ದರು.

ಅಡೆನೋಸಿನ್ ಎನ್ನುವ ವಸ್ತು ನಮ್ಮೆಲ್ಲರ ಮೈಯಲ್ಲೂ ಇದೆ. ಜೀವಕೋಶಗಳಿಗೆ ಆಮ್ಲಜನಕ ಸಾಲದೆ ಹೋದಾಗ ಅದು ಹೊರಬಂದು, ಬಹಳಷ್ಟು ಕಡೆ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ಆದರೆ ರಕ್ತದಲ್ಲಿ ಅದರ ಆಯಸ್ಸು ಕೆಲವೇ ಕ್ಷಣ. ರಸಾಯನಶಾಸ್ತ್ರಜ್ಞರು ಅದನ್ನೇ ಹೋಲುವ, ಆದರೆ ಬೇಗ ಒಡೆದುಹೋಗದ ಒಂದು ಅಣುವನ್ನು ವರ್ಷಗಟ್ಟಲೆ ಕೂತು ಕಟ್ಟಿದ್ದರು. ದಾನವಾಗಿ ಬಂದ ಯಕೃತ್ತನ್ನು ತಣ್ಣಗಿಟ್ಟು, ಮತ್ತೊಬ್ಬರ ದೇಹಕ್ಕೆ ಜೋಡಿಸಿ, ಮತ್ತೆ ರಕ್ತ ಬಿಟ್ಟಾಗ ಅದಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ತಡೆಯಲು ಈ ಅಣುವನ್ನು ಬಳಸಬಹುದೇ ಎಂಬುದು ನಮ್ಮ ಯೋಜನೆ.

ತೊಡಕು ಇದ್ದದ್ದು ಯಕೃತ್ತಿನ ಸ್ವಭಾವದಲ್ಲೇ. ಅದಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಒಂದು, ಬೇರೆಲ್ಲ ಅಂಗಗಳಿಗೆ ಇರುವಂಥ ಅಪಧಮನಿ. ಇನ್ನೊಂದು, ಕರುಳಿನಿಂದ ಹೊರಡುವ ದೊಡ್ಡ ಪೋರ್ಟಲ್ ನಾಳ. ಹೆಚ್ಚಿನ ರಕ್ತ ಬರುವುದು ಇದರಲ್ಲೇ. ಅಡೆನೋಸಿನ್ ಅಪಧಮನಿಯನ್ನು ಹಿಗ್ಗಿಸುತ್ತದೆ. ಪೋರ್ಟಲ್ ಕಡೆಗೆ ಅದು ಹಾಗೇ ನಡೆದುಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ನಳಿಕೆಯಲ್ಲಿ ಏರುತ್ತಿದ್ದ ನೀರು ಹೇಳುತ್ತಿದ್ದದ್ದು ಅದನ್ನೇ.

"ಇದು ಎಷ್ಟರ ತನಕ ಏರ್ತದೆ?" ರಸಾಯನಶಾಸ್ತ್ರಜ್ಞರು ಕೇಳಿದರು.

"ಗೊತ್ತಿಲ್ರಿ ಸರ್. ಇನ್ನಾ ಏರಲಿಕತ್ತದ."

ಒತ್ತಡದ ಜೊತೆಗೆ ಇನ್ನೆರಡು ಸಂಗತಿ ಕಂಡವು. ಯಕೃತ್ತು ಬಳಸುತ್ತಿದ್ದ ಆಮ್ಲಜನಕ ಇಳಿಯಿತು. ಹೊರಬರುವ ದ್ರವದಲ್ಲಿ ಗ್ಲೂಕೋಸ್ ಹೆಚ್ಚಾಯಿತು; ಅಂದರೆ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಒಡೆದು ಹೊರಗೆ ಸುರಿಯುತ್ತಿತ್ತು. ಈ ಮೂರನ್ನೂ ಸೇರಿಸಿ ಓದಿದರೆ ಚಿತ್ರ ಒಳ್ಳೆಯದಿರಲಿಲ್ಲ. ಉಸಿರು ಕಟ್ಟಿದ ಅಂಗ ಮಾಡುವುದೂ ಇದನ್ನೇ.

ಒಂದು ಪ್ರಯೋಗದಿಂದ ಏನನ್ನೂ ಹೇಳುವಂತಿಲ್ಲ. ನಾನು ಅದನ್ನೇ ಮತ್ತೆ ಮತ್ತೆ ಮಾಡಿದೆ. ಪ್ರತಿಯೊಂದಕ್ಕೂ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯುತ್ತಿತ್ತು. ಇಲಿಗೆ ಅರಿವಳಿಕೆ ಕೊಟ್ಟು, ಪೋರ್ಟಲ್ ನಾಳದೊಳಗೆ ಸಣ್ಣ ಕೊಳವೆ ಸೇರಿಸಿ, ಮೈಬಿಸಿಯಷ್ಟು ಬೆಚ್ಚಗಿರುವ, ಆಮ್ಲಜನಕ ತುಂಬಿದ ಲವಣದ್ರವವನ್ನು ಹರಿಸಬೇಕು. ಕಡುಗೆಂಪಾಗಿದ್ದ ಯಕೃತ್ತು ನೋಡನೋಡುತ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದು ನೆಲೆಗೆ ಬರುವ ತನಕ ಸುಮ್ಮನೆ ಕಾಯಬೇಕು. ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಹೊಕ್ಕರೂ ಸಾಕು, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಒತ್ತಡ ತಾನಾಗಿ ಏರುತ್ತದೆ, ಆ ದಿನದ ಕೆಲಸವೆಲ್ಲ ದಂಡ. ಹಾಗೆ ದಂಡವಾದ ದಿನಗಳು ಕಡಿಮೆಯೇನೂ ಇರಲಿಲ್ಲ.

ಒತ್ತಡ ಪ್ರತಿಸಲವೂ ಏರಿತು. ಗ್ಲೂಕೋಸ್ ಮಾತ್ರ ಆಟ ಆಡಿಸಿತು. ಕೆಲವು ದಿನ ಧಾರಾಳವಾಗಿ ಬರುತ್ತಿತ್ತು, ಕೆಲವು ದಿನ ಬರುತ್ತಲೇ ಇರಲಿಲ್ಲ.

"ಎಂತ ಮೇಡಮ್ ಇದು? ನಿನ್ನೆ ಒಂದು ಹೇಳ್ತೀರಿ, ಇವತ್ತು ಒಂದು ಹೇಳ್ತೀರಿ," ಎಂದರು ರಸಾಯನಶಾಸ್ತ್ರಜ್ಞರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಸೆ ಇತ್ತು. ಅಳತೆಯೇ ತಪ್ಪಿದ್ದರೆ ಒತ್ತಡದ ಏರಿಕೆಯೂ ತಪ್ಪಿರಬಹುದಲ್ಲ.

ನಾನು ದ್ರವ ಬದಲಿಸಿದೆ, ಕೊಳವೆ ಬದಲಿಸಿದೆ, ಗ್ಲೂಕೋಸ್ ಅಳೆಯುವ ಯಂತ್ರವನ್ನು ಇನ್ನೊಂದು ಯಂತ್ರದ ಜೊತೆ ಹೋಲಿಸಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ಕಣ್ಣಿಗೆ ಬಿದ್ದದ್ದು ಯಕೃತ್ತಿನ ಗಾತ್ರ. ಗ್ಲೂಕೋಸ್ ಬಾರದ ದಿನಗಳಲ್ಲಿ ಯಕೃತ್ತು ಒಂದಿಷ್ಟು ಚಿಕ್ಕದಾಗಿರುತ್ತಿತ್ತು. ಪ್ರಾಣಿಗೃಹಕ್ಕೆ ಹೋಗಿ ವಿಚಾರಿಸಿದೆ. ಇನ್ನೊಂದು ತಂಡದ ಪ್ರಯೋಗಕ್ಕೆ ಉಪವಾಸದ ಇಲಿಗಳು ಬೇಕಾಗಿದ್ದವು. ಅದಕ್ಕಾಗಿ ಕೆಲವು ದಿನ ಹಿಂದಿನ ಸಂಜೆಯೇ ಆ ಕೋಣೆಯ ಎಲ್ಲ ಪಂಜರಗಳಿಂದಲೂ ಆಹಾರ ತೆಗೆದುಬಿಡುತ್ತಿದ್ದರಂತೆ. ಉಪವಾಸವಿದ್ದ ಇಲಿಯ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನೇ ಇರುವುದಿಲ್ಲ; ಸುರಿಯುವುದು ಎಲ್ಲಿಂದ?

ವಾರಗಟ್ಟಲೆ ಮಾಡಿದ ಕೆಲಸ ಕಲಬೆರಕೆಯಾಗಿತ್ತು. ಆ ಸಂಜೆ ನಾನು ಬೇಸರದಿಂದಲೇ ಅಂಕಿಗಳನ್ನು ಎರಡು ಪಾಲು ಮಾಡಿದೆ: ಹೊಟ್ಟೆ ತುಂಬಿದ ಇಲಿಗಳದೊಂದು, ಉಪವಾಸದವುಗಳದೊಂದು. ಆಗ ಕಂಡದ್ದು ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು. ಉಪವಾಸದ ಯಕೃತ್ತಿನಲ್ಲಿ ಗ್ಲೂಕೋಸ್ ಬಂದಿರಲಿಲ್ಲ, ಆದರೆ ಒತ್ತಡ ಅಷ್ಟೇ ಏರಿತ್ತು, ಆಮ್ಲಜನಕದ ಬಳಕೆ ಅಷ್ಟೇ ಇಳಿದಿತ್ತು. ಇಷ್ಟು ದಿನ ನಾವು ಒಂದೇ ಹಾನಿಯ ಮೂರು ಮುಖ ಎಂದುಕೊಂಡದ್ದು ಹಾಗಿರಲಿಕ್ಕಿಲ್ಲ. ಕನಿಷ್ಠ ಪಕ್ಷ, ಬಿಡಿಸಿ ನೋಡಬಹುದಾದ ಸಂಗತಿ ಅದು.

ಅಷ್ಟರಲ್ಲಿ ನಮ್ಮ ಯೋಜನೆಯ ಮುಖ್ಯಸ್ಥೆ ನಮ್ಮಿಬ್ಬರನ್ನೂ ಕರೆಸಿದರು. ಪುಣೆಯವರೇ, ಮಿತಭಾಷಿ. ಯೋಜನೆಗೆ ಸಲಹೆ ಕೊಡುತ್ತಿದ್ದ ಕಸಿ ಶಸ್ತ್ರವೈದ್ಯರ ಜೊತೆ ಅವರು ಮಾತಾಡಿದ್ದರು. ಹೊಸದಾಗಿ ಜೋಡಿಸಿದ ಯಕೃತ್ತಿನಲ್ಲಿ ಪೋರ್ಟಲ್ ಒತ್ತಡ ಏರಿದರೆ ಅದು ರೋಗಿಯ ಪ್ರಾಣಕ್ಕೇ ಕುತ್ತು, ಅಂಥ ಔಷಧಿಯನ್ನು ನನ್ನ ಹತ್ತಿರಕ್ಕೂ ತರಬೇಡಿ ಎಂದು ಶಸ್ತ್ರವೈದ್ಯರು ಹೇಳಿದ್ದರಂತೆ.

"ನಿಮ್ಮ ವರದಿ ಬರೆದು ಕೊಡಿ. ಮುಂದಿನ ಪರಿಶೀಲನೆಯಲ್ಲಿ ಇದನ್ನು ಮುಚ್ಚೋಣ," ಎಂದು ಮರಾಠಿಯಲ್ಲಿ ಹೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೊರಗೆ ಬಂದು ಇಬ್ಬರೂ ಕ್ಯಾಂಟೀನಿಗೆ ಹೋದೆವು. ರಸಾಯನಶಾಸ್ತ್ರಜ್ಞರ ಮುಂದೆ ಚಹಾ ಆರುತ್ತಿತ್ತು.

"ನೀವು ಇದ್ದದ್ದನ್ನೇ ಬರೀರಿ ಮೇಡಮ್," ಎಂದರು. "ನನ್ನ ಮುಖ ನೋಡಿ ಬರೆಯೋದು ಬೇಡ. ನಾಳೆ ಯಾರದ್ದೋ ಹೊಟ್ಟೆಗೆ ಹೋಗುವ ವಸ್ತು ಅದು."

ವರದಿ ಬರೆಯುವುದು ಕಷ್ಟವಿರಲಿಲ್ಲ. ಬರೆಯಲು ಕೂತೆ ಕೂಡ. ಒತ್ತಡ ಏರುತ್ತದೆ, ಆಮ್ಲಜನಕ ಇಳಿಯುತ್ತದೆ ಎಂದು ಬರೆದೆ. ಎಲ್ಲಿ, ಯಾಕೆ ಎನ್ನುವಲ್ಲಿಗೆ ಬಂದು ಕೈ ನಿಂತಿತು. ದಾರಿ ಕಿರಿದಾಗುವುದು ಯಕೃತ್ತಿನ ಒಳಬಾಗಿಲಲ್ಲೋ, ನಡುವಿನ ಸೂಕ್ಷ್ಮ ನಾಳಗಳಲ್ಲೋ, ಹೊರಬಾಗಿಲಲ್ಲೋ? ಆಮ್ಲಜನಕದ ಬಳಕೆ ಇಳಿಯುವುದು ಔಷಧಿ ಜೀವಕೋಶಗಳನ್ನು ಕೆಡಿಸುವುದರಿಂದಲೋ, ಬರೀ ದ್ರವ ತಲುಪದಿರುವುದರಿಂದಲೋ? ಮೊದಲನೆಯದಾಗಿದ್ದರೆ ಅಣುವನ್ನು ಹೂಳಬೇಕು. ಎರಡನೆಯದಾಗಿದ್ದರೆ ಅದನ್ನು ತಿದ್ದಲು ಸಾಧ್ಯವಿರಬಹುದು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮುಚ್ಚುವುದೂ ಗೊತ್ತಿಲ್ಲದೆ ಮುಂದುವರಿಸಿದಷ್ಟೇ ತಪ್ಪು ಅನ್ನಿಸಿತು.

ಮರುದಿನ ಮುಖ್ಯಸ್ಥೆಯ ಕೋಣೆಗೆ ಒಬ್ಬಳೇ ಹೋದೆ. ಪರಿಶೀಲನೆಯ ತನಕ ಪ್ರಯೋಗ ಮುಂದುವರಿಸಲು ಬಿಡಿ, ದ್ರವವನ್ನು ಹಿಮ್ಮುಖವಾಗಿ ಹರಿಸಿ ನೋಡುತ್ತೇನೆ ಎಂದೆ. ಅಂದರೆ ರಕ್ತ ಹೊರಗೆ ಹೋಗುವ ದೊಡ್ಡ ನಾಳದಿಂದ ಒಳಕ್ಕೆ ಬಿಟ್ಟು, ಪೋರ್ಟಲ್ ನಾಳದಿಂದ ಹೊರಕ್ಕೆ ತರುವುದು.

"ಯಾವ ಮನುಷ್ಯನ ಯಕೃತ್ತಿನಲ್ಲೂ ರಕ್ತ ಹಿಂದಕ್ಕೆ ಹರಿಯುವುದಿಲ್ಲ," ಎಂದರು ಅವರು.

"ದೇಹವನ್ನು ಅನುಕರಿಸಲಿಕ್ಕಲ್ಲ ಮೇಡಮ್. ದಾರಿ ಮುಚ್ಚುವುದು ಒಳಬಾಗಿಲಲ್ಲೇ ಆಗಿದ್ದರೆ, ಹಿಂದಿನಿಂದ ಬಂದ ದ್ರವ ಮೊದಲು ಎಲ್ಲ ಕೋಶಗಳನ್ನೂ ಮುಟ್ಟಿ, ಆಮೇಲೆ ಆ ಬಾಗಿಲಿಗೆ ಬರುತ್ತದೆ. ಆಗಲೂ ಆಮ್ಲಜನಕದ ಬಳಕೆ ಇಳಿದರೆ ಔಷಧಿಯೇ ವಿಷ. ಇಳಿಯದಿದ್ದರೆ ದೋಷ ಹರಿವಿನದು. ಎರಡರಲ್ಲಿ ಯಾವುದು ಬಂದರೂ ಅದನ್ನೇ ಬರೆಯುತ್ತೇನೆ."

ಅವರು "ಕರಾ," ಎಂದರು. ಮಾಡಿ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಹೊರದಾರಿಯ ದೊಡ್ಡ ನಾಳದ ಗೋಡೆ ತೆಳು, ಕೊಳವೆ ಸೇರಿಸುವಾಗಲೇ ಹರಿದುಹೋಗುತ್ತಿತ್ತು. ಹರಿದುಹೋಗದೆ ಉಳಿದದ್ದು ಪಂಪು ಶುರುವಾದ ಕೂಡಲೇ ಸೋರುತ್ತಿತ್ತು. ಕಟ್ಟುವ ದಾರವನ್ನು ಬದಲಿಸಿ, ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಅಂತೂ ಒಂದು ಯಕೃತ್ತು ನೆಲೆ ನಿಂತಿತು. ಅದನ್ನು ಸಣ್ಣ ತಕ್ಕಡಿಯ ಮೇಲೆಯೇ ಇಟ್ಟಿದ್ದೆ, ತೂಕವೂ ತಿಳಿಯಲಿ ಎಂದು. ಆ ದಿನ ರಸಾಯನಶಾಸ್ತ್ರಜ್ಞರು ಬಂದು ಬಾಗಿಲ ಬಳಿ ನಿಂತರು.

ಔಷಧಿ ಬಿಟ್ಟೆ. ಯಕೃತ್ತು ಊದಿಕೊಳ್ಳತೊಡಗಿತು. ತಕ್ಕಡಿಯ ಅಂಕಿ ಏರಿತು, ಅಂಚುಗಳು ದುಂಡಗಾದವು, ಮೇಲ್ಮೈಯಲ್ಲಿ ದ್ರವ ಬೆವರಿನಂತೆ ಒಸರಿತು.

"ಹಾಳಾಯ್ತು ಅಲ್ವಾ?" ಎಂದರು ಅವರು.

ನನಗೂ ಮೊದಲು ಹಾಗೇ ಅನ್ನಿಸಿತ್ತು. ಪಂಪು ನಿಲ್ಲಿಸಲು ಕೈ ಹೋಗಿತ್ತು. ಆಗ ಪರದೆಯ ಮೇಲಿನ ಆಮ್ಲಜನಕದ ಬಳಕೆಯ ಗೆರೆ ನೋಡಿದೆ. ಅದು ಇಳಿದಿರಲಿಲ್ಲ.

"ಇಲ್ರಿ ಸರ್. ಇಲ್ಲಿ ನೋಡ್ರಿ. ಹೊರಗ ಹೋಗೋ ತುದಿ ಮುಚ್ಚಿದ್ದಕ್ಕ ಊದಲಿಕತ್ತದ. ಅಂದ್ರ ಮುಚ್ಚೂದು ಪೋರ್ಟಲ್ ಕಡೆನ. ಆದ್ರ ಕೋಶಗಳು ಚಲೋ ಉಸಿರಾಡಲಿಕತ್ತಾವ."

ಅವರು ಹತ್ತಿರ ಬಂದು, ಗೆರೆಯನ್ನೇ ನೋಡುತ್ತ ನಿಂತರು. "ಗ್ಲೂಕೋಸ್?"

ಗ್ಲೂಕೋಸ್ ಮೊದಲಿನಂತೆಯೇ ಬರುತ್ತಿತ್ತು. ಅಂದರೆ ಸಕ್ಕರೆ ಸುರಿಯುವುದು ಉಸಿರುಗಟ್ಟಿದ್ದರಿಂದಲ್ಲ. ಔಷಧಿ ನೇರವಾಗಿ ಯಕೃತ್ತಿನ ಕೋಶಗಳಿಗೆ ಹೇಳಿ ಮಾಡಿಸುವ ಕೆಲಸ ಅದು. ತಾತ್ಕಾಲಿಕ, ಸಕ್ಕರೆ ಕಾಯಿಲೆಯವರಲ್ಲಿ ಗಮನಿಸಬೇಕಾದದ್ದು, ಆದರೆ ಪ್ರಾಣಕ್ಕೆ ಕುತ್ತಲ್ಲ.

ಪಂಪನ್ನು ನಿಧಾನಗೊಳಿಸಿ ಊತ ಕಡಿಮೆ ಮಾಡಿ ಮತ್ತೆ ಮಾಡಿದೆವು. ದ್ರವದಲ್ಲಿ ನೀಲಿ ಬಣ್ಣ ಬೆರೆಸಿಯೂ ನೋಡಿದೆವು. ಸರಿದಿಕ್ಕಿನಲ್ಲಿ ಹರಿಸಿ ಔಷಧಿ ಕೊಟ್ಟಾಗ ಯಕೃತ್ತಿನ ಮೇಲೆ ನೀಲಿ ಹತ್ತದ ಕಂದು ತೇಪೆಗಳು ಉಳಿದವು. ದ್ರವ ಅಲ್ಲಿಗೆ ತಲುಪಿಯೇ ಇರಲಿಲ್ಲ. ಹಿಮ್ಮುಖವಾಗಿ ಹರಿಸಿದಾಗ ಇಡೀ ಅಂಗ ಒಂದೇ ಸಮ ನೀಲಿಯಾಯಿತು.

ಉಳಿದದ್ದು ಒಂದು ಪ್ರಶ್ನೆ: ಆ ಬಾಗಿಲನ್ನು ಮುಚ್ಚುತ್ತಿದ್ದದ್ದು ಯಾರು? ಯಕೃತ್ತಿನ ಸೂಕ್ಷ್ಮ ನಾಳಗಳ ಒಳಗೋಡೆಯಲ್ಲಿ ಕಾವಲು ಕೋಶಗಳಿವೆ. ಅವು ಉದ್ರೇಕಗೊಂಡರೆ ನಾಳವನ್ನು ಬಿಗಿಸುವ ವಸ್ತುಗಳನ್ನು ಬಿಡುತ್ತವೆ. ಸಾಮಾನ್ಯ ನೋವುನಿವಾರಕಗಳ ಜಾತಿಯ ಒಂದು ಮದ್ದು ಆ ವಸ್ತುಗಳ ತಯಾರಿಕೆಯನ್ನು ತಡೆಯಬಲ್ಲದು. ಅದನ್ನು ಮೊದಲೇ ಕೊಟ್ಟು ಆಮೇಲೆ ನಮ್ಮ ಔಷಧಿ ಬಿಟ್ಟಾಗ ನಳಿಕೆಯ ನೀರು ಹೆಚ್ಚುಕಡಿಮೆ ಅಲುಗಾಡದೆ ನಿಂತಿತು. ನಾಳವನ್ನು ಬಿಗಿಸುವ ಸಂದೇಶವನ್ನು ನಮ್ಮ ಅಣು ಆ ಕೋಶಗಳ ಮೂಲಕ ಕಳಿಸುತ್ತಿತ್ತು. ಅಲ್ಲಿ ಕೋಶದ ಮೇಲೆ ಅದು ಅಂಟಿಕೊಳ್ಳುವ ತಾಣ, ಅಂದರೆ ಗ್ರಾಹಿ, ಬೇರೆ; ಉರಿಯೂತ ತಗ್ಗಿಸಲು ಅಂಟಿಕೊಳ್ಳಬೇಕಾದ ಗ್ರಾಹಿ ಬೇರೆ ಎಂದು ಊಹಿಸಲು ನಮ್ಮಲ್ಲಿ ಈಗ ಆಧಾರವಿತ್ತು.

ಪರಿಶೀಲನೆಯಲ್ಲಿ ಈ ಅಣು ಇದ್ದ ಹಾಗೆ ಬಳಕೆಗೆ ಬಾರದು ಎಂದೇ ಮೊದಲ ವಾಕ್ಯ ಹೇಳಿದೆ. ರಸಾಯನಶಾಸ್ತ್ರಜ್ಞರು ತಲೆ ತಗ್ಗಿಸಲಿಲ್ಲ. ಅವರೇ ಎದ್ದು, ಅಣುವಿನ ಯಾವ ಮೂಲೆಯನ್ನು ಬದಲಿಸಿದರೆ ಅದು ಬೇಡದ ಗ್ರಾಹಿಯಿಂದ ಜಾರಬಹುದು ಎಂದು ಚಿತ್ರ ಬಿಡಿಸಿ ತೋರಿಸಿದರು. ಮುಖ್ಯಸ್ಥೆ ಯೋಜನೆಯನ್ನು ಮುಚ್ಚಲಿಲ್ಲ.

ಅವರು ಮಾಡಿಕೊಟ್ಟ ಮೊದಲ ಹೊಸ ಅಣು ನೀರಿನಲ್ಲಿ ಕರಗಲೇ ಇಲ್ಲ. ಎರಡನೆಯದು ಒತ್ತಡ ಏರಿಸಲಿಲ್ಲ, ಉರಿಯೂತವನ್ನೂ ತಗ್ಗಿಸಲಿಲ್ಲ. "ಇದು ಪಾಪದ ಅಣು, ಒಳ್ಳೇದೂ ಇಲ್ಲ ಕೆಟ್ಟದ್ದೂ ಇಲ್ಲ," ಎಂದು ನಕ್ಕರು. ಚಳಿಗಾಲ ಮುಗಿಯುವ ಹೊತ್ತಿಗೆ ಬಂದದ್ದು ಒತ್ತಡ ಏರಿಸದೆ ಉರಿಯೂತ ತಗ್ಗಿಸಿ, ಪರೀಕ್ಷೆಯಲ್ಲಿ ನಿಂತಿತು. ಇಲಿಗಳಲ್ಲಿ ನಿಂತಿತು. ಮನುಷ್ಯರ ಯಕೃತ್ತು ಇಲಿಯ ಯಕೃತ್ತಲ್ಲ ಎನ್ನುವುದನ್ನು ಶಸ್ತ್ರವೈದ್ಯರು ಈಗ ನೆನಪಿಸಿದರು. ಕಸಿಗೆ ಬಳಸಲಾಗದೆ ಉಳಿದ ಯಕೃತ್ತನ್ನು ಕುಟುಂಬದ ಒಪ್ಪಿಗೆ ಇದ್ದರೆ ಪ್ರಯೋಗಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಬೇಕಾದ ಅನುಮತಿಗಳನ್ನು ಪಡೆದು, ಅವರ ಆಸ್ಪತ್ರೆಯ ಒಂದು ಕೋಣೆಯಲ್ಲಿ ಪಂಪು, ಕೊಳವೆಗಳನ್ನು ಹೊಂದಿಸಿಟ್ಟು ಕಾಯುತ್ತ ಕೂತೆವು.

ಒಂದು ಬೆಳಿಗ್ಗೆ ಶಸ್ತ್ರವೈದ್ಯರ ಕರೆ ಬಂತು. ಪುಣೆ ಜಿಲ್ಲೆಯ ಶಿರೂರಿನಿಂದ ನಗರದ ಮಾರ್ಕೆಟ್ ಯಾರ್ಡಿಗೆ ತರಕಾರಿ ಸಾಗಿಸುತ್ತಿದ್ದ ಟೆಂಪೋ ಚಾಲಕರೊಬ್ಬರು ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಮಿದುಳು ನಿಷ್ಕ್ರಿಯವಾಗಿ ತೀರಿಕೊಂಡಿದ್ದರು. ಕುಟುಂಬದವರು ಅಂಗದಾನಕ್ಕೆ ಒಪ್ಪಿದ್ದರು. ಎರಡೂ ಕಿಡ್ನಿ ಬೇರೆಯವರಿಗೆ ಹೋಗಿದ್ದವು. ಯಕೃತ್ತಿನಲ್ಲಿ ಕೊಬ್ಬು ವಿಪರೀತವಾಗಿದ್ದರಿಂದ ಯಾರೂ ತೆಗೆದುಕೊಳ್ಳುವಂತಿರಲಿಲ್ಲ.

"ಅದನ್ನು ಪ್ರಯೋಗಕ್ಕೆ ಕೊಡಲು ಒಪ್ಪಿಗೆ ಕೇಳುವ ಕೆಲಸ ನಮ್ಮ ಅಂಗದಾನ ಸಂಯೋಜಕರದು," ಎಂದರು ಶಸ್ತ್ರವೈದ್ಯರು. "ಆದರೆ ಅವರ ಹೆಂಡತಿ ಮರಾಠಿಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ್ದಾರೆ. ಕನ್ನಡದವರಂತೆ. ನೀವು ಬಂದು ಆಕೆಯ ಪ್ರಶ್ನೆಗಳಿಗೆ ಉತ್ತರ ಕೊಡಬಹುದೇ?"

ದಾರಿಯುದ್ದಕ್ಕೂ ನಾನು ಪದಗಳನ್ನು ಹುಡುಕುತ್ತಿದ್ದೆ. ಇಷ್ಟು ವರ್ಷ ಮಾಡಿದ ಕೆಲಸವನ್ನು ಮನೆಯ ಮಾತಿನಲ್ಲಿ ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ.

ಆಕೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಹತ್ತು-ಹನ್ನೆರಡರ ಮಗಳು ಮಗ್ಗುಲಿಗೆ ಒರಗಿದ್ದಳು. ಮೈದುನ ಕಿಟಕಿಯ ಹತ್ತಿರ ನಿಂತಿದ್ದರು.

"ನೀವು ನಮ್ಮ ಕಡೀಯವರೇನ್ರಿ?" ಆಕೆ ಕೇಳಿದರು.

"ಹೌದ್ರಿ. ವಿಜಯಪುರ."

"ನಂದು ಇಂಡಿ." ನಮ್ಮ ಜಿಲ್ಲೆಯದೇ ಊರು. "ಕಿಡ್ನಿ ತಗೊಂಡ್ರು, ಲಿವರ್ ಬ್ಯಾಡ ಅಂದ್ರಂತ. ಯಾಕ್ರಿ?"

"ಅದರಾಗ ಕೊಬ್ಬು ಭಾಳ ಕೂತದ್ರಿ. ಇನ್ನೊಬ್ಬರ ಮೈಯಾಗ ಇಟ್ಟರ ಕೆಲಸ ಮಾಡ್ತದೋ ಇಲ್ಲೋ ಅಂತ ಅಂಜಿಕಿ."

ಆಕೆ ತಲೆಯೆತ್ತಿ ನನ್ನನ್ನೇ ನೋಡಿದರು. "ಅವರು ಕುಡೀತಿದ್ದಿಲ್ರಿ."

ಆಕೆಯನ್ನು ಕಾಡುತ್ತಿದ್ದದ್ದು ಏನೆಂದು ಆಗ ಅರ್ಥವಾಯಿತು. ಲಿವರ್ ಕೆಟ್ಟಿದೆ ಎಂಬ ಮಾತು ಕೇಳಿದಾಗಿನಿಂದ ಅಲ್ಲಿ ನೆರೆದ ನೆಂಟರ ನಡುವೆ ಏನೇನು ಪಿಸುಮಾತು ನಡೆದಿತ್ತೋ.

"ಕುಡಿಯೂದರಿಂದ ಅಷ್ಟ ಅಲ್ರಿ. ಸಕ್ಕರಿ ಕಾಯಿಲಿ ಇತ್ತೇನ್ರಿ ಅವರಿಗೆ?"

"ಇತ್ತು. ಗುಳಗಿ ತಗೋತಿದ್ರು."

"ಅದರಿಂದನೂ ಆಗ್ತದ. ಒಂದು ಹನಿ ಕುಡೀದವರಿಗೂ ಆಗ್ತದ."

"ಹಂಗಂತ ನಮ್ಮ ಮೈದುನಗ ಹೇಳ್ರಿ. ಈಕಿಗೂ ಹೇಳ್ರಿ," ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು.

ಕಿಟಕಿಯ ಬಳಿ ಹೋಗಿ ಮೈದುನನಿಗೆ ಮರಾಠಿಯಲ್ಲಿ ಹೇಳಿದೆ. ಬೆಂಚಿಗೆ ಬಂದು ಮಗಳಿಗೆ ಕನ್ನಡದಲ್ಲಿ ಹೇಳಿದೆ. ಪ್ರಯೋಗದ ಮಾತನ್ನು ಎತ್ತುವ ಮೊದಲು ಇದು ಆಗಬೇಕಿತ್ತು ಅನ್ನಿಸಿತು. ಆಮೇಲೆ, ಅದನ್ನು ಯಂತ್ರಕ್ಕೆ ಜೋಡಿಸಿ ಹೊಸ ಔಷಧಿ ಕೊಟ್ಟು ನೋಡುತ್ತೇವೆ, ಯಾರ ಮೈಗೂ ಅದು ಹೋಗುವುದಿಲ್ಲ, ಬೇಡವೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದು ವಿವರಿಸಿದೆ. ಸಂಯೋಜಕರು ಒಪ್ಪಿಗೆ ಕೇಳಿದರು.

"ಅದಕ್ಕ ನೋವಾಗ್ತದೇನ್ರಿ?" ಎಂದಷ್ಟೇ ಕೇಳಿದರು ಆಕೆ.

"ಇಲ್ರಿ."

"ತಗೋರಿ."

ಯಕೃತ್ತನ್ನು ಯಂತ್ರಕ್ಕೆ ಜೋಡಿಸುವಾಗ ನನ್ನ ಕೈ ಎಂದಿಗಿಂತ ನಿಧಾನವಾಗಿತ್ತು. ಈ ಸಲ ಎರಡು ದಾರಿಗಳಿಗೂ ಕೊಳವೆ: ಪೋರ್ಟಲ್ ನಾಳಕ್ಕೊಂದು, ಅಪಧಮನಿಗೊಂದು. ರಸಾಯನಶಾಸ್ತ್ರಜ್ಞರು ಗೌನು ಹಾಕಿಕೊಂಡು ಬಂದು ಗೋಡೆಗೆ ಆನಿಕೊಂಡರು. ಹಳದಿ ಛಾಯೆಯ ಆ ದೊಡ್ಡ ಅಂಗ ಬೆಚ್ಚಗಾಗುತ್ತ ಹೋಯಿತು. ಒತ್ತಡ ನೆಲೆ ನಿಂತ ಮೇಲೆ ಔಷಧಿ ಬಿಟ್ಟೆವು. ಪೋರ್ಟಲ್ ಒತ್ತಡ ಇದ್ದಲ್ಲೇ ಇತ್ತು. ಅಪಧಮನಿಯ ಹರಿವು ನಿಧಾನವಾಗಿ ಹೆಚ್ಚಿತು. ಆಮ್ಲಜನಕದ ಬಳಕೆ ಇಳಿಯಲಿಲ್ಲ. ಶಸ್ತ್ರವೈದ್ಯರು ಒಂದು ಶಸ್ತ್ರಚಿಕಿತ್ಸೆ ಮುಗಿಸಿ ಬಂದು ಪರದೆ ನೋಡಿದರು, ಹೊರಗೆ ಹೋಗಿ ಮತ್ತೆ ಬಂದು ನೋಡಿದರು.

"ಒಂದೇ ಯಕೃತ್ತಿನಿಂದ ಏನೂ ಹೇಳಲಾಗದು," ಎಂದರು.

"ಗೊತ್ತು ಸರ್," ಎಂದೆ.

"ಆದರೂ ಇನ್ನೊಂದು ಬಂದಾಗ ಕರೆಯುತ್ತೇನೆ."

ರಸಾಯನಶಾಸ್ತ್ರಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಇಷ್ಟು ವರ್ಷ ಕಾಗದದ ಮೇಲೆ ಗೆರೆ ಎಳೆದದ್ದೇ ಮೇಡಮ್," ಎಂದರು. "ಮನುಷ್ಯರ ಅಂಗದಲ್ಲಿ ಇದನ್ನು ಹೀಗೆ ಎದುರಿಗೆ ನೋಡಿದ್ದು ಇದೇ ಮೊದಲು."

ಅಪಘಾತವಾದ್ದರಿಂದ ಪಂಚನಾಮೆ ಮುಗಿದು ದೇಹ ಕೈಗೆ ಸಿಗುವುದು ತಡವಾಗಿತ್ತು. ಸಂಜೆಯ ಬಿಸಿಲಿನಲ್ಲಿ ಕೆಳಗಿಳಿದಾಗ ಚಾಲಕರ ಹೆಂಡತಿ, ಮಗಳು, ಮೈದುನ ಇನ್ನೂ ಆಸ್ಪತ್ರೆಯ ಅಂಗಳದಲ್ಲಿದ್ದರು. ಆಕೆ ಏನಾದರೂ ತಿಳಿಯಲು ಬಯಸಿದರೆ ಹೇಳಬಹುದು ಎಂದು ಸಂಯೋಜಕರು ಮೊದಲೇ ತಿಳಿಸಿದ್ದರು. ನಾನು ಹತ್ತಿರ ಹೋಗಿ ನಿಂತೆ.

"ಏನಾತ್ರಿ?" ಎಂದರು.

"ಇಷ್ಟೊತ್ತನಕ ಚಲೋ ಕೆಲಸ ಮಾಡ್ತುರಿ. ಔಷಧ ಕೊಟ್ಟ ಮ್ಯಾಲೂ ಮಾಡ್ತು."

"ಹಂಗಾರ ಮುಂದ ಯಾರಿಗರ ಉಪಯೋಗ ಆಗ್ತದೇನ್ರಿ?"

ಹೌದು ಎಂದುಬಿಡುವ ಆಸೆಯಾಯಿತು. "ಇನ್ನಾ ಭಾಳ ಕೆಲಸ ಉಳದದ್ರಿ," ಎಂದೆ. "ಆದ್ರ ಇಷ್ಟು ದಿನ ನಮಗ ತಿಳೀದೇ ಇದ್ದದ್ದು ಇವತ್ತು ತಿಳೀತು. ಅವರಿಂದನ ತಿಳೀತು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಮಗಳ ಕಡೆಗೆ ಬಾಗಿದರು. "ಕೇಳಿದಿಯೇನು, ಅಪ್ಪ ಇವತ್ತೂ ಕೆಲಸಕ್ಕ ಹೋಗಿದ್ರಂತ." ಆಮೇಲೆ ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಮೈದುನ ಕರೆದ ಕಡೆಗೆ ನಡೆದರು.